ತಪ್ಪು ಹೇಳಿದ ಮಕ್ಕಳಿಗೇ ಕಥೆ ಅರ್ಥವಾಗಿತ್ತು

ಹಾಸನದ ಕಡೆ ಮನೆಗೆ ನೆಂಟರು ಬಂದಾಗ ಮಗುವಿನ ಕೈಗೆ ಪುಸ್ತಕ ಕೊಟ್ಟು ಓದಿಸುವುದುಂಟು. ಮಗು ತಡವರಿಸದೆ ಓದಿದರೆ ಎಲ್ಲರೂ ಮೆಚ್ಚುತ್ತಾರೆ. ಓದಿದ್ದರಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ. ಬರೆದಂತೆಯೇ ಓದುವ ಕನ್ನಡದಲ್ಲಿ ಹೀಗೆ ಮೋಸಹೋಗುವುದು ಇನ್ನೂ ಸುಲಭ. ಕಾಗುಣಿತವೂ ಒತ್ತಕ್ಷರವೂ ಪಳಗಿದ ಮಗು ತನಗೆ ತಿಳಿಯದ ವಿಷಯವನ್ನೂ ನಿರರ್ಗಳವಾಗಿ ಓದಬಲ್ಲದು. ಗಮಕದಲ್ಲಿ ವಾಚನಕ್ಕೊಬ್ಬರು, ವ್ಯಾಖ್ಯಾನಕ್ಕೊಬ್ಬರು ಕೂರುತ್ತಾರೆ; ಮಗುವಿನ ತಲೆಯೊಳಗೂ ಆ ಇಬ್ಬರೂ ಇರಬೇಕು.

ವಾಚನ ಸರಿಯಿದ್ದೂ ವ್ಯಾಖ್ಯಾನ ಸೊರಗಿದ ಮಕ್ಕಳನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೇನ್ ಓಕ್‌ಹಿಲ್. 1982ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಬಿಡಿ ಪದಗಳನ್ನು ಓದುವುದರಲ್ಲಿ ಸಮನಾಗಿದ್ದು, ಗ್ರಹಿಕೆಯಲ್ಲಿ ಮಾತ್ರ ಅಂತರವಿದ್ದ ಏಳೆಂಟು ವರ್ಷದ ಮಕ್ಕಳಿಗೆ ಅವರು ಪುಟ್ಟ ಕಥೆಗಳನ್ನು ಕೇಳಿಸಿದರು. ಕಾರು ಬಸ್ಸಿಗೆ ಡಿಕ್ಕಿ ಹೊಡೆಯಿತು. ಬಸ್ಸು ನಾಲ್ಕು ರಸ್ತೆ ಕೂಡುವಲ್ಲಿತ್ತು. ಹಾಗಾದರೆ 'ಕಾರು ನಾಲ್ಕು ರಸ್ತೆ ಕೂಡುವಲ್ಲಿತ್ತು' ಎಂಬ ವಾಕ್ಯ ಕಥೆಯಲ್ಲಿತ್ತೇ? ಇರಲಿಲ್ಲ. ಆದರೂ ಇಂಥ, ಕಥೆಯಿಂದ ತಾನಾಗಿ ಹೊರಡುವ ವಾಕ್ಯಗಳನ್ನು ಕೇಳಿದ್ದೇವೆಂದು ನಂಬುವ ಒಲವು ಚೆನ್ನಾಗಿ ಗ್ರಹಿಸುವ ಮಕ್ಕಳಲ್ಲೇ ಹೆಚ್ಚಾಗಿ ಕಂಡಿತು!

ರಂಗೋಲಿಯನ್ನು ನೆನೆಯಿರಿ. ಚುಕ್ಕಿಗಳನ್ನು ಸುತ್ತಿ ಎಳೆ ಹಾಯಿಸಿದ ಮೇಲೆ ಕಣ್ಣಿಗೆ ಕಾಣುವುದು ಬಳ್ಳಿ, ಹೂವು. ಚುಕ್ಕಿ ಎಷ್ಟಿದ್ದವೆಂದು ಇಟ್ಟವರಿಗೂ ಮರೆತುಹೋಗುತ್ತದೆ. ಪದಗಳು ಚುಕ್ಕಿಗಳು, ಎಳೆಯನ್ನು ಎಳೆಯುವುದು ಮನಸ್ಸು. ಆ ಮಕ್ಕಳ ನೆನಪಿನಲ್ಲಿ ಉಳಿದದ್ದು ಅಪಘಾತದ ದೃಶ್ಯ. ಡಿಕ್ಕಿಯಾದ ಜಾಗದಲ್ಲಿ ಕಾರು ಇರಲೇಬೇಕಲ್ಲ.

ಎಳೆ ಎಳೆಯಲು ಲೋಕಜ್ಞಾನವೂ ಬೇಕು. 'ಕಣದಲ್ಲಿ ಕಾಫಿ ಹರಡಿತ್ತು. ಮೋಡ ಕವಿಯುತ್ತಲೇ ಅಮ್ಮ ಟಾರ್ಪಾಲು ತರಲು ಓಡಿದಳು.' ಕಾಫಿ ಒಣಗಿಸುವುದನ್ನು ನೋಡುತ್ತ ಬೆಳೆದ ಸಕಲೇಶಪುರದ ಮಗುವಿಗೆ ಆ ಓಟದ ಆತಂಕ ತಟ್ಟನೆ ಹೊಳೆಯುತ್ತದೆ. ಅದೇ ಜಿಲ್ಲೆಯ ಅರಸೀಕೆರೆಯಲ್ಲಿ, ತೆಂಗಿನ ತೋಟಗಳ ನಡುವೆ ಬೆಳೆದ ಮಗು ಪ್ರತಿಯೊಂದು ಪದವನ್ನೂ ಸರಿಯಾಗಿ ಓದಿ ಅಲ್ಲೇ ನಿಂತುಬಿಡಬಹುದು. ನೆಂದರೆ ಕಾಫಿ ಕೆಡುತ್ತದೆ ಎಂಬ ವಾಕ್ಯ ಅಲ್ಲಿ ಇಲ್ಲವೇ ಇಲ್ಲ.

ಈ ಕೌಶಲವನ್ನು ಕಲಿಸಬಹುದು. ಓಕ್‌ಹಿಲ್ ಮತ್ತು ನಿಕೋಲಾ ಯೂಯಿಲ್ 1988ರಲ್ಲಿ ವರದಿ ಮಾಡಿದ ತರಬೇತಿಯಲ್ಲಿ, ಗ್ರಹಿಕೆ ಕಡಿಮೆಯಿದ್ದ ಮಕ್ಕಳು ಪದಗಳಿಂದ ಸುಳಿವು ಹೆಕ್ಕುವುದನ್ನೂ, ಮುಚ್ಚಿಟ್ಟ ಭಾಗವನ್ನು ಊಹಿಸುವುದನ್ನೂ, ಕಥೆಯ ಬಗ್ಗೆ ಪ್ರಶ್ನೆಗಳನ್ನು ತಾವೇ ಕಟ್ಟುವುದನ್ನೂ ಅಭ್ಯಾಸ ಮಾಡಿದರು. ಬರೀ ಪದಗಳನ್ನು ವೇಗವಾಗಿ ಓದುವ ಅಭ್ಯಾಸ ಮಾಡಿದ ಅಂಥದೇ ಮಕ್ಕಳಿಗಿಂತ ಅವರ ಗ್ರಹಿಕೆ ಹೆಚ್ಚು ಸುಧಾರಿಸಿತು. ನೆಂಟರ ಮುಂದೆ ನಾವು ಮಾಡಿಸುತ್ತಿರುವುದು ಆ ಎರಡನೆಯ ಅಭ್ಯಾಸವನ್ನೇ.