ಸಂಜೆ ಆರರ ಹೊತ್ತಿಗೆ

"ಹುಟ್ಟುಗುಣ ಸುಟ್ಟರೂ ಹೋಗದು, ಡಾಕ್ಟರೇ." ಚಟಕ್ಕೆ ಬಿದ್ದ ಮಗನನ್ನು ಕರೆತರುವ ತಾಯಂದಿರ ಬಾಯಲ್ಲಿ ನಾನು ಪದೇ ಪದೇ ಕೇಳುವ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನೇ ನಂಬಿ ಎಷ್ಟೋ ಮನೆಯವರು ಕೈಚೆಲ್ಲುತ್ತಾರೆ.

ವ್ಯಸನಿಗಳೆಲ್ಲರದ್ದೂ ಒಂದೇ ಸ್ವಭಾವವಲ್ಲ. ದುಡುಕು, ರೋಮಾಂಚನದ ಹಂಬಲ, ಹತಾಶೆ, ಎದೆ ಢವಗುಟ್ಟಿದರೇ ಬೆದರುವ ಆತಂಕ, ಇವು ಅಪಾಯವನ್ನು ಹೆಚ್ಚಿಸುತ್ತವೆ, ನಿಜ. ಆದರೆ ದುಡುಕಿನವನು ಗೆಳೆಯರು ಕೊಟ್ಟ ಗಾಂಜಾವನ್ನು ಯೋಚಿಸದೆ ಸೇದುತ್ತಾನೆ. ಆತಂಕದವನು ನಿದ್ದೆಗಾಗಿ ಮಾತ್ರೆ ನುಂಗುತ್ತಾನೆ. ಇಬ್ಬರಿಗೂ ಒಂದೇ ಬುದ್ಧಿವಾದ ನಾಟುವುದಿಲ್ಲ.

ನೋವಿನ ಮಾತ್ರೆಗಳ ಚಟವಿದ್ದ 26 ವರ್ಷದ ಒಬ್ಬ ಹುಡುಗ ಚಿಕಿತ್ಸೆ ಪಡೆದು ಮೂರು ತಿಂಗಳಾಗಿತ್ತು. ಮೂತ್ರ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಮನೆಯವರಿಗೆ ಹೋದ ಜೀವ ಬಂದಂತಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಜೀವನ ಗುಣಮಟ್ಟದ ಪಟ್ಟಿಯನ್ನು ಅವನ ಕೈಗಿಟ್ಟೆ. ನಿದ್ದೆ, ಹಣ, ಸಂಬಂಧ, ಮನೆಯ ವಾತಾವರಣ ಎಲ್ಲವನ್ನೂ ಅದು ಕೇಳುತ್ತದೆ. 'ಬದುಕನ್ನು ಎಷ್ಟು ಆನಂದಿಸುತ್ತೀರಿ?' ಎಂಬಲ್ಲಿ ಅವನ ಪೆನ್ನು ನಿಂತಿತು. ಬಹಳ ಹೊತ್ತಿನ ಮೇಲೆ 'ಸ್ವಲ್ಪವೂ ಇಲ್ಲ' ಎಂಬುದಕ್ಕೆ ಗುರುತು ಹಾಕಿದ.

"ಮಾತ್ರೆ ಬಿಟ್ಟಿದ್ದೇನೆ ಸರ್. ಸಂಜೆ ಆರಾದರೆ ಏನು ಮಾಡಬೇಕೋ ಗೊತ್ತಾಗುವುದಿಲ್ಲ."

ಸಾಲ ಕೊಟ್ಟವರು ಫೋನ್ ಮಾಡುತ್ತಿದ್ದುದು ಆ ಹೊತ್ತಿಗೇ. ಅವನು ಮೊಬೈಲ್ ಆರಿಸಿ, ಬಾಗಿಲು ಹಾಕಿಕೊಂಡು ಮಲಗುತ್ತಿದ್ದ. ಮೊದಲು ಈ ಹೆದರಿಕೆಯನ್ನು ಮಾತ್ರೆ ಮುಚ್ಚುತ್ತಿತ್ತು, ಈಗ ಕದ ಮುಚ್ಚುತ್ತಿತ್ತು. ಮನಶ್ಶಾಸ್ತ್ರಜ್ಞರಾದ ಲಾಜರಸ್ ಮತ್ತು ಫೋಕ್‌ಮನ್ ಕಷ್ಟವನ್ನು ನಿಭಾಯಿಸುವ ಎರಡು ಬಗೆಗಳನ್ನು ಗುರುತಿಸಿದ್ದರು: ಸಮಸ್ಯೆಗೇ ಕೈಹಾಕುವುದು, ಅದು ಎಬ್ಬಿಸಿದ ಭಾವನೆಯನ್ನು ಸಂಭಾಳಿಸುವುದು. ಎರಡೂ ಬೇಕು. ಈ ಹುಡುಗನಿಗೆ ಗೊತ್ತಿದ್ದದ್ದು ತಪ್ಪಿಸಿಕೊಳ್ಳುವುದೊಂದೇ. ಅವನಿಂದ ಮಾತ್ರೆ ಬಿಡಿಸಿದ ನಾವು ಆ ಜಾಗದಲ್ಲಿ ಏನನ್ನೂ ಇಟ್ಟಿರಲಿಲ್ಲ. ಅದು ನಮ್ಮದೇ ತಪ್ಪು.

ಮುಂದಿನ ವಾರ ನನ್ನೆದುರೇ ಕುಳಿತು, ಬೆವರುತ್ತಲೇ, ಸಾಲ ಕೊಟ್ಟವರಿಗೆ ಫೋನ್ ಮಾಡಿ ಕಂತು ಕೇಳಿದ. ಮಾತ್ರೆಯ ತುಡಿತ ಅಲೆಯಂತೆ ಏರುತ್ತದೆ, ತಡೆದು ಕುಳಿತರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ ಎಂದು ತಿಳಿಸಿದೆ. ಆ ಅರ್ಧ ಗಂಟೆಗಾಗಿ ಸೋದರಮಾವನ ಸೈಕಲ್ ಅಂಗಡಿಗೆ ಹೋಗತೊಡಗಿದ.

ಇಂಥ ನೆರವಿಗೆ 14446 ಎಂಬ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಯಿದೆ, ಕರೆ ಉಚಿತ.

ಎರಡು ತಿಂಗಳ ನಂತರ ತಾಯಿ ಬಂದು, "ದುಡುಕು ಹಾಗೇ ಇದೆ, ಮೊನ್ನೆ ಗಿರಾಕಿಯ ಮೇಲೆ ರೇಗಿಬಿಟ್ಟ" ಎಂದರು. ಆಮೇಲೆ ಏನು ಮಾಡಿದ ಎಂದು ಕೇಳಿದೆ.

"ಹೊರಗೆ ಹೋಗಿ ಟೀ ಕುಡಿದು ಬಂದು, ಪಂಕ್ಚರ್ ಹಾಕಿ ಕೊಟ್ಟನಂತೆ."