ಶೆಂಗೆನ್‌ನಲ್ಲಿ ಗಡಿಯೇ ಇಲ್ಲ ಅಂದ್ಮೇಲೆ ಪಾಸ್‌ಪೋರ್ಟ್ ಯಾಕೆ?

ಪ್ರಶ್ನೆ: ನಾನು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ. ನಾಲ್ಕು ಜನ ಸೇರಿ ಶನಿವಾರ ಬೆಳಿಗ್ಗೆ ಝೆಕ್ ದೇಶದ ಪ್ರಾಗ್‌ಗೆ ಹೋಗಿ ಭಾನುವಾರ ರಾತ್ರಿ ವಾಪಸ್ ಬರೋಣ ಅಂತಿದ್ದೇವೆ. ಬೇರೆ ವೀಸಾ ಬೇಕಾ? ಸೀನಿಯರ್ ಒಬ್ಬರು, ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಸಾಕು, ಪಾಸ್‌ಪೋರ್ಟ್ ರೂಮಿನಲ್ಲೇ ಇಡು, ಫೋನಿನಲ್ಲಿ ಫೋಟೋ ಇದ್ದರೆ ಆಯ್ತು ಅಂದರು. ನಿಜವಾ?

ಉತ್ತರ: ಬೇರೆ ವೀಸಾ ಬೇಡ. ಪಾಸ್‌ಪೋರ್ಟ್ ಬೇಕೇ ಬೇಕು. ಫೋಟೋ, ಜೆರಾಕ್ಸ್ ಯಾವುದೂ ನಡೆಯಲ್ಲ, ಪುಸ್ತಕವೇ ಜೊತೆಗಿರಬೇಕು.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ಲೆಕ್ಕ ತಪ್ಪಿದೆ. ಊರಿನ ಹೆಸರು ಮಾತ್ರ ಬದಲಾಗುತ್ತದೆ. ಆಖೆನ್‌ನವರು ಬ್ರಸೆಲ್ಸ್ ಅಂತ ಕೇಳುತ್ತಾರೆ, ಮ್ಯೂನಿಕ್‌ನವರು ಸಾಲ್ಜ್‌ಬರ್ಗ್ ಅಂತ, ವಿಯೆನ್ನಾದವರು ಬ್ರಾಟಿಸ್ಲಾವಾ ಅಂತ. ಪ್ರತಿ ಅಕ್ಟೋಬರ್‌ನಲ್ಲಿ ಹೊಸಬರು ಬರುತ್ತಾರೆ, ನವೆಂಬರ್ ಹೊತ್ತಿಗೆ ಮೊದಲ ಟ್ರಿಪ್ಪಿನ ಪ್ಲಾನ್ ಆಗುತ್ತದೆ, ಜೊತೆಗೆ ಇದೇ ಸಲಹೆ ಯಾರದೋ ಬಾಯಿಂದ ಮತ್ತೆ ಬರುತ್ತದೆ. ಅದಕ್ಕೇ ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ವೀಸಾ ವಿಷಯ ಮುಗಿಸೋಣ, ಅದು ಸುಲಭ. ಶೆಂಗೆನ್ ವಲಯದ, ಅಂದರೆ ತಮ್ಮ ನಡುವಿನ ಗಡಿಗಳಲ್ಲಿ ತಪಾಸಣೆ ಕೈಬಿಟ್ಟ ಯುರೋಪಿನ ದೇಶಗಳ ಗುಂಪಿನ, ಒಂದು ದೇಶ ಕೊಟ್ಟ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಉಳಿದ ಶೆಂಗೆನ್ ದೇಶಗಳಿಗೆ 180 ದಿನಗಳಲ್ಲಿ 90 ದಿನದವರೆಗೆ ಹೋಗಿ ಬರಬಹುದು. ಈಗ ಆ ವಲಯದಲ್ಲಿ 29 ದೇಶಗಳಿವೆ. ಕಾರ್ಡ್ ಇನ್ನೂ ಕೈಗೆ ಬಂದಿಲ್ಲ, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಡಿ ವೀಸಾ (ದೀರ್ಘಾವಧಿಯ ವೀಸಾ) ಮಾತ್ರ ಇದೆ ಅನ್ನುವವರಿಗೂ 2010ರಿಂದ ಇದೇ ನಿಯಮ. ವೀಸಾದ ಅವಧಿ ಮುಗಿದಿರಬಾರದು, ಅಷ್ಟೆ. ರಿನ್ಯೂವಲ್‌ಗೆ ಅರ್ಜಿ ಹಾಕಿ ಫಿಕ್ಸಿಯೊನ್ಸ್‌ಬೆಶೈನಿಗುಂಗ್ ಕಾಗದ (ಅರ್ಜಿ ತೀರ್ಮಾನವಾಗುವವರೆಗೆ ಕೊಡುವ ತಾತ್ಕಾಲಿಕ ಪತ್ರ) ಹಿಡಿದು ಕೂತವರು ಮಾತ್ರ ಟಿಕೆಟ್ ತೆಗೆಯುವ ಮೊದಲು ಅದರ ಒಳಗೆ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ನೋಡಿ. ಮೂರನೆಯದಕ್ಕೆ, ಅಂದರೆ ಹಳೆಯ ಪರ್ಮಿಟ್ ಮುಂದುವರಿಯುತ್ತದೆ ಅನ್ನುವುದಕ್ಕೆ ಗುರುತಿದ್ದರೆ ಹಳೆಯ ಕಾರ್ಡನ್ನೂ ಜೊತೆಗಿಟ್ಟುಕೊಂಡು ಹೋಗಿ ಬರಬಹುದು. ಒಂದು ಅಥವಾ ಎರಡನೆಯದಕ್ಕಿದ್ದರೆ ಹೋಗಬೇಡಿ. ಅದನ್ನು ತೋರಿಸಿ ವಾಪಸ್ ಒಳಗೆ ಬರಲಾಗುವುದಿಲ್ಲ.

ಇನ್ನು ಪಾಸ್‌ಪೋರ್ಟ್. ಇದರ ಬಗ್ಗೆ ಬರೆಯುವಾಗ ನನಗೆ ಸ್ವಲ್ಪ ಬೇಜಾರೂ ಆಗುತ್ತದೆ, ಯಾಕೆಂದರೆ ತಪ್ಪು ಸಲಹೆ ಕೊಡುವವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ.

ನೀವು ವೀಸಾ ಇಲ್ಲದೆ ಪ್ರಾಗ್‌ಗೆ ಹೋಗಬಹುದು ಅಂತ ಹೇಳುವ ನಿಯಮ ಎಲ್ಲಿದೆ ಗೊತ್ತಾ? 1990ರಲ್ಲಿ ಸಹಿಯಾದ ಶೆಂಗೆನ್ ಜಾರಿ ಒಪ್ಪಂದದ 21ನೇ ವಿಧಿಯಲ್ಲಿ. ಅಲ್ಲಿ ರೆಸಿಡೆನ್ಸ್ ಪರ್ಮಿಟ್ ಅನ್ನುವ ಮಾತಿನ ಜೊತೆಯಲ್ಲೇ, ಅದೇ ವಾಕ್ಯದಲ್ಲೇ, ಚಾಲ್ತಿಯಲ್ಲಿರುವ ಪ್ರಯಾಣದ ದಾಖಲೆಯೂ ಇರಬೇಕು ಅಂತಿದೆ. ನಮ್ಮ ಮಟ್ಟಿಗೆ ಆ ದಾಖಲೆ ಅಂದರೆ ಪಾಸ್‌ಪೋರ್ಟ್. ಎರಡೂ ಕೂಡಿದರೆ ಮಾತ್ರ ನಿಮಗೆ ಆ ಹಕ್ಕು. ಜನ ಅರ್ಧ ವಾಕ್ಯ ಓದಿ ಇನ್ನರ್ಧ ಬಿಟ್ಟಿದ್ದಾರೆ. ಜರ್ಮನಿಯ ಕಾರ್ಡ್ ಹೇಳುವುದು ಇಷ್ಟೇ: ಈ ವ್ಯಕ್ತಿಗೆ ನಮ್ಮಲ್ಲಿ ಇರಲು ಒಪ್ಪಿಗೆ ಇದೆ. ಈತ ಯಾವ ದೇಶದ ಪ್ರಜೆ, ಆ ದೇಶ ಈತನನ್ನು ತನ್ನವನೆಂದು ಒಪ್ಪುತ್ತದೆಯೇ, ಇದಕ್ಕೆಲ್ಲ ಸಾಕ್ಷಿ ಹೇಳುವುದು ಪಾಸ್‌ಪೋರ್ಟ್.

ಹಾಗಾದರೆ ಕಾರ್ಡ್ ಸಾಕು ಅನ್ನುವ ನಂಬಿಕೆ ಎಲ್ಲಿಂದ ಬಂತು? ನಾನು ಗಮನಿಸಿದ ಹಾಗೆ ಇದರ ಬೇರು ನಮ್ಮ ಕ್ಲಾಸಿನಲ್ಲೇ ಇದೆ. ಇಟಲಿಯ ಹುಡುಗಿ, ಸ್ಪೇನಿನ ಹುಡುಗ, ಇವರೆಲ್ಲ ಪರ್ಸಿನಿಂದ ಒಂದು ಪ್ಲಾಸ್ಟಿಕ್ ಕಾರ್ಡ್ ತೆಗೆದು ತೋರಿಸಿ ಯುರೋಪ್ ಪೂರ್ತಿ ಓಡಾಡುತ್ತಾರೆ. ನಮ್ಮ ಕಾರ್ಡೂ ಅದೇ ಅಳತೆ, ಅದೇ ಪ್ಲಾಸ್ಟಿಕ್, ಅದರಲ್ಲೂ ನಮ್ಮ ಫೋಟೋ, ಚಿಪ್. ನೋಡಿದರೆ ಎರಡೂ ಒಂದೇ ಅನ್ನಿಸುತ್ತದೆ ಅಲ್ವಾ? ಆದರೆ ಅವರದ್ದು ಅವರ ದೇಶವೇ ಕೊಟ್ಟ ಗುರುತಿನ ಚೀಟಿ. ಯುರೋಪಿಯನ್ ಯೂನಿಯನ್ ಪ್ರಜೆಗಳಿಗೆ ಆ ಚೀಟಿಯೇ ಪ್ರಯಾಣದ ದಾಖಲೆ, ಪಾಸ್‌ಪೋರ್ಟಿಗೆ ಸಮ. ನಮ್ಮದು ಬೇರೆ ದೇಶ ಕೊಟ್ಟ ಪರವಾನಗಿ. ಇದೊಂದು ವ್ಯತ್ಯಾಸ ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗೇ ಅರ್ಥವಾಗುತ್ತದೆ.

ಜರ್ಮನಿಯ ಒಳಗಿನ ಅಭ್ಯಾಸವೂ ಇದಕ್ಕೆ ಸೇರಿಕೊಂಡಿದೆ. ಲೈಪ್‌ಜಿಗ್‌ಗೋ ಬರ್ಲಿನ್‌ಗೋ ಹೋಗುವಾಗ ಯಾರೂ ಪಾಸ್‌ಪೋರ್ಟ್ ಒಯ್ಯುವುದಿಲ್ಲ, ಒಯ್ಯಬೇಕಾಗಿಯೂ ಇಲ್ಲ. ಅದೇ ರೈಲು, ಅದೇ ಸೀಟು, ಇನ್ನೊಂದಿಷ್ಟು ದೂರ ಹೋದರೆ ಬೇರೆ ದೇಶ ಬಂದುಬಿಡುತ್ತದೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಿಂದ ಟ್ರಾಮ್ ಹತ್ತಿ ರೈನ್ ನದಿ ದಾಟಿದರೆ ಜರ್ಮನಿಯ ಕೇಲ್. 2017ರಿಂದ ಆ ಟ್ರಾಮ್ ಓಡುತ್ತಿದೆ. ಟ್ರಾಮಿನಲ್ಲಿ ದೇಶ ದಾಟಿದ್ದು ಮನಸ್ಸಿಗೆ ನಾಟುವುದೇ ಇಲ್ಲ.

ಗಡಿ ತೆಗೆದರು ಅನ್ನುವ ಮಾತನ್ನೂ ಸರಿಯಾಗಿ ಕೇಳಿಸಿಕೊಳ್ಳಬೇಕು. 1985ರ ಜೂನ್ 14ರಂದು ಲಕ್ಸೆಂಬರ್ಗ್‌ನ ಶೆಂಗೆನ್ ಅನ್ನುವ ಹಳ್ಳಿಯ ಹತ್ತಿರ, ಮೊಸೆಲ್ ನದಿಯಲ್ಲಿದ್ದ ಹಡಗಿನ ಮೇಲೆ ಐದು ದೇಶಗಳು ಸಹಿ ಹಾಕಿದವು. 1995ರ ಮಾರ್ಚ್ 26ರಿಂದ ಅದು ನಿಜವಾಗಿ ಜಾರಿಗೆ ಬಂತು. ಆಗ ನಿಂತದ್ದು ಗಡಿಯಲ್ಲಿ ಪ್ರತಿಯೊಬ್ಬರನ್ನೂ ನಿಲ್ಲಿಸಿ ನೋಡುವ ಪದ್ಧತಿ. ಕಾಗದಪತ್ರ ಇಟ್ಟುಕೊಳ್ಳುವ ಜವಾಬ್ದಾರಿ ಹಾಗೇ ಉಳಿಯಿತು, ಪೊಲೀಸರು ಕೇಳುವ ಹಕ್ಕೂ ಉಳಿಯಿತು. ಬೇಕಾದಾಗ ತಾತ್ಕಾಲಿಕವಾಗಿ ತಪಾಸಣೆ ತರಲು ಶೆಂಗೆನ್ ನಿಯಮಗಳಲ್ಲೇ ಜಾಗವಿದೆ. ಜರ್ಮನಿ 2023ರ ಅಕ್ಟೋಬರ್‌ನಲ್ಲಿ ಝೆಕ್, ಪೋಲೆಂಡ್, ಸ್ವಿಸ್ ಗಡಿಗಳಲ್ಲಿ ಇದನ್ನು ಶುರು ಮಾಡಿತು, 2024ರ ಸೆಪ್ಟೆಂಬರ್ 16ರಿಂದ ಎಲ್ಲ ಭೂಗಡಿಗಳಿಗೂ ವಿಸ್ತರಿಸಿತು. ನಿಮ್ಮ ಸೀನಿಯರ್ 2019ರಲ್ಲೋ 2022ರಲ್ಲೋ ಹೋಗಿಬಂದವರಾದರೆ ಅವರನ್ನು ಯಾರೂ ಕೇಳಿಲ್ಲದೆ ಇರಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಯಾರೂ ಕೇಳಲಿಲ್ಲ ಅಂದ ಮಾತ್ರಕ್ಕೆ ನಿಯಮ ಇಲ್ಲ ಅಂತಾಗುವುದಿಲ್ಲ.

ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಫೆಬ್ರವರಿಯ ಭಾನುವಾರ, ಪ್ರಾಗ್‌ನಿಂದ ಡ್ರೆಸ್ಡೆನ್‌ಗೆ ವಾಪಸ್ ಬರುತ್ತಿದ್ದೆವು, ಐದು ಜನ. ಈ ದಾರಿ ಗೊತ್ತಿರುವವರಿಗೆ ಗೊತ್ತು, ರೈಲು ನದಿಯ ಪಕ್ಕದಲ್ಲೇ ಬರುತ್ತದೆ, ಝೆಕ್ ಕಡೆ ಅದು ಲಾಬೆ, ಈ ಕಡೆ ಎಲ್ಬೆ. ದೇಚಿನ್ ದಾಟಿದ ಮೇಲೆ ನಮ್ಮವರೆಲ್ಲ ನಿದ್ದೆಗೆ ಜಾರಿದ್ದರು. ಜರ್ಮನಿ ಕಡೆಯ ಬಾಡ್ ಶಾಂಡೌ ಬಂದಾಗ ಪೊಲೀಸರು ಹತ್ತಿದರು. ನಾಲ್ಕು ಜನ ಪಾಸ್‌ಪೋರ್ಟ್ ಕೊಟ್ಟೆವು. ಐದನೆಯವನು ಕಾರ್ಡ್ ಕೊಟ್ಟ. ಮಹಿಳಾ ಪೊಲೀಸ್ ಒಬ್ಬರು ಕಾರ್ಡನ್ನು ಎರಡೂ ಕಡೆ ತಿರುಗಿಸಿ ನೋಡಿ, ಪಾಸ್‌ಪೋರ್ಟ್ ಅಂದರು. ಅವನು ಫೋನ್ ತೆಗೆದು ಫೋಟೋ ತೋರಿಸಿದ. ಫೋನಿನ ಗಾಜು ಒಡೆದಿತ್ತು, ಸರಿಯಾಗಿ ಪಾಸ್‌ಪೋರ್ಟ್ ನಂಬರಿನ ಮೇಲೇ ಬಿರುಕು ಹಾದುಹೋಗಿತ್ತು. ಆಕೆ ಜೋರು ಮಾಡಲಿಲ್ಲ, ಬೈಯಲಿಲ್ಲ. ಬ್ಯಾಗ್ ತಗೊಂಡು ಬನ್ನಿ ಅಂದರು, ಅಷ್ಟೆ.

ಅವನೊಬ್ಬನನ್ನೇ ಬಿಡಲು ಮನಸ್ಸಾಗದೆ ನಾನೂ ಇಳಿದೆ. ರೈಲು ಹೋಯಿತು. ಆ ಸ್ಟೇಷನ್ ನದಿಯ ಈ ದಡದಲ್ಲಿದೆ, ಊರು ಆ ದಡದಲ್ಲಿ. ನೀರಿನಾಚೆ ಊರಿನ ದೀಪಗಳು ಕಾಣುತ್ತಿದ್ದವು, ಈಚೆ ನಾವಿಬ್ಬರು. ಬೆರಳಚ್ಚು, ಹೆಸರು, ವಿಳಾಸ, ಯಾವ ಕೋರ್ಸು, ಯಾಕೆ ಹೋಗಿದ್ದು, ಎಲ್ಲ ಬರೆಸಿಕೊಂಡು ಬಿಡುವ ಹೊತ್ತಿಗೆ ಎರಡೂವರೆ ಗಂಟೆ ಕಳೆದಿತ್ತು. ಆ ಹುಡುಗ ಅಷ್ಟು ಹೊತ್ತೂ ಒಂದೇ ಮಾತು ಹೇಳುತ್ತಿದ್ದ: ಕಳೆದುಹೋಗಬಾರದು ಅಂತ ತಾನೇ ರೂಮಿನಲ್ಲಿ ಇಟ್ಟು ಬಂದದ್ದು.

ಆ ಭಯ ಸುಳ್ಳಲ್ಲ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಪ್ರಾಗ್‌ನ ಹಳೆಯ ಗಡಿಯಾರದ ಮುಂದೆ ಗಂಟೆಗೊಮ್ಮೆ ಗೊಂಬೆಗಳು ಬರುವಾಗ ಎಲ್ಲರೂ ತಲೆ ಎತ್ತಿ ನಿಲ್ಲುತ್ತಾರೆ, ಜೇಬುಗಳ್ಳರು ಕಾಯುವುದೇ ಆ ಹೊತ್ತಿಗೆ. ಕೋಟೆಯ ಕಡೆ ಹೋಗುವ 22ನೇ ನಂಬರಿನ ಟ್ರಾಮಿನಲ್ಲೂ ಹುಷಾರಾಗಿರಬೇಕು. ಪಾಸ್‌ಪೋರ್ಟನ್ನು ಬೆನ್ನ ಮೇಲಿನ ಬ್ಯಾಗಿನಲ್ಲಿ ಇಡಬೇಡಿ. ಜಾಕೆಟ್ಟಿನ ಒಳಜೇಬು, ಅದಕ್ಕೆ ಜಿಪ್ ಇರಲಿ. ಚಳಿಗಾಲದಲ್ಲಿ ಇದು ಸುಲಭ. ಬೇಸಿಗೆಯಲ್ಲಿ ಕತ್ತಿಗೆ ಹಾಕಿಕೊಂಡು ಅಂಗಿಯ ಒಳಗೆ ಬಿಟ್ಟುಕೊಳ್ಳುವ ತೆಳ್ಳನೆ ಚೀಲ ಸಿಗುತ್ತದೆ. ಫೋಟೋ ತೆಗೆದಿಡುವುದೂ ಒಳ್ಳೆಯದೇ, ಆದರೆ ಅದರ ಕೆಲಸ ಬೇರೆ. ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ಕಂಪ್ಲೇಂಟ್ ಕೊಡುವಾಗ, ಹೊಸದಕ್ಕೆ ಅರ್ಜಿ ತುಂಬುವಾಗ ನಂಬರು, ಕೊಟ್ಟ ತಾರೀಖು ಬೇಕಾಗುತ್ತವೆ. ಫೋನೂ ಜೊತೆಗೇ ಹೋಗಿರಬಹುದು, ಅದಕ್ಕೆ ಮೇಲ್‌ನಲ್ಲೂ ಒಂದು ಕಾಪಿ ಇರಲಿ. ಇನ್ನೊಂದು ಮಾತು, ನಮ್ಮ ರಾಯಭಾರ ಕಚೇರಿ ತುರ್ತಾಗಿ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ಮರಳುವ ಒಂದು ಕಡೆಯ ಪ್ರಯಾಣಕ್ಕೆ ಮಾತ್ರ. ಅದನ್ನು ಹಿಡಿದು ಕ್ಲಾಸಿಗೆ ಬರುತ್ತೇನೆ ಅಂದುಕೊಳ್ಳಬೇಡಿ.

90 ದಿನದ ಲೆಕ್ಕ ನೋಡಿ ಕೆಲವರು ಹೆದರುತ್ತಾರೆ. ಹೋದ ದಿನ, ಬಂದ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ, ನಿಜ. ಜರ್ಮನಿಯಲ್ಲಿದ್ದ ದಿನಗಳು ಬರುವುದಿಲ್ಲ. 180 ದಿನದಲ್ಲಿ ಹೆಚ್ಚೆಂದರೆ 26 ವಾರಾಂತ್ಯ. ಪ್ರತಿ ಶುಕ್ರವಾರ ಸಂಜೆ ಹೊರಟು ಭಾನುವಾರ ಬಂದರೂ 78 ದಿನ. ಒಂದು ವಾರವೂ ಬಿಡದೆ ತಿರುಗಿದರೂ ನೀವು 90 ಮುಟ್ಟುವುದಿಲ್ಲ. ಈ ಲೆಕ್ಕ ತೋರಿಸಿದಾಗ ಹೊಸಬರ ಮುಖ ಅರಳುವುದನ್ನು ನೋಡಲು ನನಗೆ ಬಹಳ ಇಷ್ಟ. ಲಂಡನ್ ಮತ್ತು ಡಬ್ಲಿನ್ ಇದರಲ್ಲಿ ಸೇರಿಲ್ಲ, ಅಲ್ಲಿಗೆ ಬೇರೆ ವೀಸಾ ಬೇಕು.

ನೀವು ಕೇಳಿಲ್ಲ, ಆದರೂ ಪ್ರಾಗ್ ಆದ ಮೇಲೆ ಮುಂದಿನ ಟ್ರಿಪ್ ಸ್ವಿಟ್ಜರ್‌ಲ್ಯಾಂಡ್‌ಗೇ ಆಗಿರುತ್ತದೆ ಅಂತ ಗೊತ್ತು, ಹಾಗಾಗಿ ಅದನ್ನೂ ಹೇಳಿಬಿಡುತ್ತೇನೆ. ಶೆಂಗೆನ್ ಬೇರೆ, ಯುರೋಪಿಯನ್ ಯೂನಿಯನ್ ಬೇರೆ. ಸ್ವಿಟ್ಜರ್‌ಲ್ಯಾಂಡ್ ಮೊದಲನೆಯದರಲ್ಲಿದೆ, ಎರಡನೆಯದರಲ್ಲಿಲ್ಲ. ಹಾಗಾಗಿ ಪಾಸ್‌ಪೋರ್ಟ್ ಮತ್ತು ಕಾರ್ಡ್ ಅಲ್ಲಿ ಸರಿಯಾಗಿ ನಡೆಯುತ್ತವೆ, ಬೇರೆ ಎಷ್ಟೋ ನಡೆಯುವುದಿಲ್ಲ. 2017ರ ಜೂನ್‌ನಿಂದ ಯೂನಿಯನ್ ದೇಶಗಳಲ್ಲಿ ರೋಮಿಂಗ್‌ಗೆ ಬೇರೆ ದುಡ್ಡಿಲ್ಲ, ಪ್ರಾಗ್‌ನಲ್ಲಿ ನಿಮ್ಮ ಜರ್ಮನ್ ಸಿಮ್ ಆರಾಮಾಗಿ ಓಡುತ್ತದೆ. ಆ ನಿಯಮ ಸ್ವಿಟ್ಜರ್‌ಲ್ಯಾಂಡ್‌ಗೆ ಅನ್ವಯಿಸುವುದಿಲ್ಲ. ಕೆಲವು ಕಂಪನಿಗಳು ತಾವಾಗಿಯೇ ಸೇರಿಸಿರುತ್ತವೆ, ಕೆಲವು ಇಲ್ಲ. ಬಾಸೆಲ್‌ಗೆ ಹೋಗುವ ರೈಲಿನಲ್ಲಿ ಮ್ಯಾಪ್ ತೆರೆಯುವ ಮೊದಲು ನಿಮ್ಮ ಪ್ಲಾನ್ ನೋಡಿಕೊಳ್ಳಿ.

ಆಸ್ಪತ್ರೆಯದ್ದು ಇದಕ್ಕಿಂತ ದೊಡ್ಡ ವಿಷಯ. ಜರ್ಮನಿಯ ಸರ್ಕಾರಿ ವಿಮೆಯ ಕಾರ್ಡ್ ಹಿಂದೆ ತಿರುಗಿಸಿದರೆ ನೀಲಿ ಬಣ್ಣದ ಯುರೋಪಿಯನ್ ಆರೋಗ್ಯ ಕಾರ್ಡ್ ಇರುತ್ತದೆ. ಎಲ್ಲ ಕಡೆ ನಡೆಯುತ್ತದೆ ಅಂತ ನಮ್ಮವರು ಅಂದುಕೊಂಡಿದ್ದಾರೆ. ಯೂನಿಯನ್‌ನ ಪ್ರಜೆಗಳಲ್ಲದ ನಮಗೆ ಸ್ವಿಟ್ಜರ್‌ಲ್ಯಾಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಖ್ಟೆನ್‌ಸ್ಟೈನ್, ಡೆನ್ಮಾರ್ಕ್, ಈ ಐದು ಕಡೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಹಿಮದ ಮೇಲೆ ಜಾರಿ ಕೈ ಮುರಿದುಕೊಳ್ಳುವ ಊರುಗಳೇ ಅವು. ಆ ಕಡೆ ಹೋಗುವಾಗ ಟಿಕೆಟ್ ತೆಗೆಯುವ ದಿನವೇ ಒಂದು ಟ್ರಾವೆಲ್ ಇನ್ಶೂರೆನ್ಸನ್ನೂ ತೆಗೆದುಬಿಡಿ. ಪ್ರಾಗ್‌ಗೆ ಇರುವ ಕಾರ್ಡೇ ಸಾಕು.

ಹಾಂ, ಡ್ರೆಸ್ಡೆನ್‌ನಿಂದ ಹೋಗುವಾಗ ರೈಲಿನ ಎಡಗಡೆ ಕಿಟಕಿ ಹಿಡಿಯಿರಿ, ನದಿ ಆ ಕಡೆ ಕಾಣುತ್ತದೆ. ಯೂನಿವರ್ಸಿಟಿ ಕೊಡುವ ಸೆಮಿಸ್ಟರ್ ಟಿಕೆಟ್ ದೇಶದಿಂದ ದೇಶಕ್ಕೆ ಓಡುವ ಯೂರೋಸಿಟಿ ರೈಲಿಗೆ ನಡೆಯುವುದಿಲ್ಲ, ಅದಕ್ಕೆ ಬೇರೆ ಟಿಕೆಟ್ ಬೇಕು.