ನಾಣ್ಯದ ಮೇಲೆ ಕೊಡೆ, ಪೀಠದ ಮೇಲೆ ಯಾರೂ ಇಲ್ಲ

ಹಳೆಯ ನಾಣ್ಯಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಪೋಪ್ ಆಡಳಿತದ ಚಿನ್ನದ ನಾಣ್ಯ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಮುಖವನ್ನಲ್ಲ, ಕೊಡೆಯನ್ನು.

ನಮ್ಮಲ್ಲಿ ಬೆಳ್ಗೊಡೆ ಎಂದರೆ ಅದರ ಕೆಳಗೆ ಅರಸನಿದ್ದಾನೆ ಎಂದರ್ಥ. ರೋಮಿನ ನಾಣ್ಯದಲ್ಲಿ ಉಲ್ಟಾ. ಅಡ್ಡಡ್ಡ ಇಟ್ಟ ಎರಡು ಬೀಗದಕೈ, ಮೇಲೊಂದು ಕೊಡೆ ಕಂಡರೆ ಪೋಪ್ ಪೀಠ ಖಾಲಿ! ಜೊತೆಗೆ 'ಸೆಡೆ ವಕಾಂತೆ' ಎಂಬ ಲ್ಯಾಟಿನ್ ಬರಹ ಇರುತ್ತದೆ. ಪೀಠ ಖಾಲಿ ಇರುವಾಗ, ಅಂತ.

ಪೋಪ್ ತೀರಿಕೊಂಡರೆ ಹೊಸಬರು ಆಯ್ಕೆಯಾಗುವ ತನಕ ವ್ಯವಹಾರ ನೋಡಿಕೊಳ್ಳುವವರು ಕಮರ್ಲೆಂಗೊ ಎಂಬ ಹುದ್ದೆಯ ಕಾರ್ಡಿನಲ್, ಅಂದರೆ ಪೋಪ್ ಕೆಳಗಿನ ಹಿರಿಯ ಧರ್ಮಗುರು. ಆ ದಿನಗಳಲ್ಲಿ ಅವರ ಮನೆತನದ ಲಾಂಛನ ಹಾಕಿ ನಾಣ್ಯ ಹೊಡೆಯುತ್ತಿದ್ದರು. ಪೋಪ್ ನಾಣ್ಯಗಳಲ್ಲಿ ಸಾಮಾನ್ಯವಾಗಿ ಅವರ ಆಳ್ವಿಕೆಯ ಎಷ್ಟನೇ ವರ್ಷ ಎಂದು ಇರುತ್ತದೆ. ಇಲ್ಲಿ ಆ ಲೆಕ್ಕವಿಲ್ಲ. ಯಾರ ವರ್ಷ ಎಣಿಸುವುದು ಹೇಳಿ?

1740ರಲ್ಲಿ ಪೀಠ ಆರು ತಿಂಗಳು ಖಾಲಿ ಇತ್ತು. 1846ರಲ್ಲಿ ಬರೀ ಹದಿನೈದು ದಿನ. 16ನೇ ಗ್ರೆಗರಿ ಜೂನ್ 1ರಂದು ತೀರಿಕೊಂಡರು, 9ನೇ ಪಯಸ್ 16ಕ್ಕೆ ಆಯ್ಕೆಯಾದರು. ಆ ಖಾಲಿ ಅವಧಿಯ ಹೆಸರಿನಲ್ಲಿ ಬಂದ 5 ಸ್ಕುಡಿ (ಅಲ್ಲಿನ ಆಗಿನ ಹಣ) ಚಿನ್ನದ ನಾಣ್ಯ ಅಪರೂಪದ್ದು. ತೂಕ ಸುಮಾರು 8.67 ಗ್ರಾಂ, ಕರಾವಳಿಯವರ ಲೆಕ್ಕದಲ್ಲಿ ಒಂದು ಪವನಿಗಿಂತ ಸ್ವಲ್ಪ ಜಾಸ್ತಿ. ಸಾವಿರಕ್ಕೆ 900 ಪಾಲು ಚಿನ್ನ.

ಇಂಥ ನಾಣ್ಯ ಕೊಳ್ಳುವವರು ತೂಕ ನೋಡಿ ಸುಮ್ಮನಾಗಬೇಡಿ. ಭೂತಗನ್ನಡಿ ಹಿಡಿದು ಅಂಚನ್ನು ಸುತ್ತ ನೋಡಿ, ಅದರಲ್ಲೂ ನೆತ್ತಿಯ ಜಾಗವನ್ನು. ಹಿಂದೆ ಯಾರೋ ಪದಕ ಮಾಡಿಸಿಕೊಂಡು ಕೊಂಡಿ ಬೆಸೆದಿರುತ್ತಾರೆ. ಆಮೇಲೆ ಕಿತ್ತು, ಉಜ್ಜಿ ನುಣುಪು ಮಾಡಿರುತ್ತಾರೆ. ಬೆಸುಗೆಯ ಚಿನ್ನ ಉಳಿದರೆ ತೂಕ ಸರಿಯಾಗಿಯೇ ತೋರುತ್ತದೆ, ಆದರೆ ಸಂಗ್ರಹಕಾರರು ಕೊಡುವ ಬೆಲೆ ಬಿದ್ದುಹೋಗುತ್ತದೆ. ಇನ್ನೊಂದು ಕಾಟ ಹುಣಸೆಹಣ್ಣು. ಹೊಳೆಯಲಿ ಅಂತ ತಿಕ್ಕಿ ತರುತ್ತಾರೆ! ದಯವಿಟ್ಟು ತಿಕ್ಕಬೇಡಿ. ಕೊಳೆ ಇದ್ದರೆ ಇರಲಿ.

ಅಲ್ಲಿಯ ತನಕ ಪೋಪ್ ಆಳುತ್ತಿದ್ದ ರೋಮ್ 1870ರಲ್ಲಿ ಇಟಲಿಯ ಪಾಲಾಯಿತು. ಪೋಪ್ ಕೈಯಲ್ಲಿ ರಾಜ್ಯವೇ ಉಳಿಯಲಿಲ್ಲ, ಟಂಕಸಾಲೆ ಎಲ್ಲಿಂದ? ಹಾಗಾಗಿ 1878, 1903, 1914, 1922ರಲ್ಲಿ ಪೀಠ ಖಾಲಿಯಾದರೂ ಇಂಥ ನಾಣ್ಯ ಬರಲಿಲ್ಲ. 1929ರಲ್ಲಿ ವ್ಯಾಟಿಕನ್ ಸಿಟಿ ಹುಟ್ಟಿದ ಮೇಲೆ, 1939ರಲ್ಲಿ ಕೊಡೆ ಮತ್ತೆ ಕಾಣಿಸಿಕೊಂಡಿತು, ಈ ಸಲ ಬೆಳ್ಳಿಯ ಮೇಲೆ. 2013ರದ್ದು ಇನ್ನೂ ಮಜಾ. 16ನೇ ಬೆನೆಡಿಕ್ಟ್ ರಾಜೀನಾಮೆ ಕೊಟ್ಟಿದ್ದರು. ಯೂರೋ ನಾಣ್ಯದಲ್ಲಿ ಕೊಡೆ ಬಂದಾಗ ಹಳೆಯ ಪೋಪ್ ಇನ್ನೂ ಬದುಕಿದ್ದರು.